ಬದುವಿನ ಕಸ, ಬೆಳೆಯ ನಂಜು

ಧಾರವಾಡ ಜಿಲ್ಲೆಯ ನವಲಗುಂದ ಮತ್ತು ಅಣ್ಣಿಗೇರಿಯ ಎರೆಹೊಲಗಳಲ್ಲಿ ಹೆಸರು ಹಳದಿಯಾಗುವುದು, ಸೂರ್ಯಕಾಂತಿಯ ಮೊಗ್ಗು ಅರಳದೆ ಕರಕಲಾಗುವುದು, ಕುಂದಗೋಳದ ಮೆಣಸಿನಗಿಡ ಮುಟುರಿಕೊಂಡು ಕಾಯಿ ಕಟ್ಟದೆ ನಿಲ್ಲುವುದು, ಕಲಘಟಗಿಯ ಸೋಯಾಬೀನ್ ಎಲೆಗಳಲ್ಲಿ ಹಳದಿ ಮಚ್ಚೆ ಹರಡುವುದು, ತೊಗರಿ ಸೊಂಪಾಗಿ ಬೆಳೆದೂ ಹೂವಿಲ್ಲದೆ ಗೊಡ್ಡಾಗುವುದು ನೋಟಕ್ಕೆ ಬೇರೆ ಬೇರೆ ತೊಂದರೆಗಳಾದರೂ, ಇವುಗಳ ಹಿಂದೆ ಇರಬಹುದಾದ ಕಾರಣ ಒಂದೇ ವರ್ಗಕ್ಕೆ ಸೇರಿದ್ದು. ಅವು ನಂಜಾಣುಗಳು, ಅಂದರೆ ವೈರಸ್‌ಗಳು. ಶಿಲೀಂಧ್ರದಿಂದ ಬರುವ ರೋಗಕ್ಕೆ ಶಿಲೀಂಧ್ರನಾಶಕವಿದೆ, ಕೀಟಕ್ಕೆ ಕೀಟನಾಶಕವಿದೆ. ಆದರೆ ಗಿಡದೊಳಗೆ ಸೇರಿಕೊಂಡ ನಂಜಾಣುವನ್ನು ಕೊಂದು ಗಿಡವನ್ನು ಉಳಿಸುವ ಔಷಧ ಕೃಷಿ ಬಳಕೆಯಲ್ಲಿ ಯಾವುದೂ ಇಲ್ಲ. ಆದ್ದರಿಂದ ನಂಜುರೋಗದ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ನಂಜಾಣು ಈ ಹೊಲಕ್ಕೆ ಎಲ್ಲಿಂದ ಬಂತು ಎಂಬುದು. ಅದರ ಉತ್ತರ ಬಹಳಷ್ಟು ಸಲ ಬದುವಿನಲ್ಲಿ, ಮಲಪ್ರಭಾ ಕಾಲುವೆಯ ದಂಡೆಯಲ್ಲಿ, ಬೆಣ್ಣಿಹಳ್ಳ ತುಪ್ಪರಿಹಳ್ಳಗಳ ಅಂಚಿನಲ್ಲಿ, ರಸ್ತೆಯ ಮಗ್ಗುಲಲ್ಲಿ, ಯಾರೂ ಬಿತ್ತದೆ ಹುಟ್ಟಿದ ಗಿಡಗಳಲ್ಲಿ ಸಿಗುತ್ತದೆ.

ನಂಜಾಣುವೆಂದರೆ ಪ್ರೋಟೀನಿನ ಹೊದಿಕೆಯೊಳಗೆ ಅಡಗಿದ ಅನುವಂಶಿಕ ವಸ್ತುವಿನ ಒಂದು ಸೂಕ್ಷ್ಮ ಕಣ. ಅದಕ್ಕೆ ಸ್ವಂತ ಉಸಿರಾಟವಿಲ್ಲ, ಆಹಾರ ತಯಾರಿಸುವ ಶಕ್ತಿಯಿಲ್ಲ, ಜೀವಂತ ಕೋಶದೊಳಗೆ ಹೊಕ್ಕು ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದೊಂದೇ ಅದಕ್ಕೆ ಬದುಕುವ ದಾರಿ. ತಂಬಾಕಿನ ಎಲೆಗೆ ಬರುವ ಮಚ್ಚೆರೋಗವನ್ನು ಅಭ್ಯಾಸ ಮಾಡುತ್ತಿದ್ದ ನೆದರ್ಲೆಂಡಿನ ಬೈಯರಿಂಕ್ 1898ರಲ್ಲಿ ಇದು ಬ್ಯಾಕ್ಟೀರಿಯಾಕ್ಕಿಂತ ಭಿನ್ನವಾದ ಸಾಂಕ್ರಾಮಿಕ ವಸ್ತುವೆಂದು ಸಾರಿದ ಮೇಲೆಯೇ ನಂಜಾಣುಗಳ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆಯಿತು. ಸಸ್ಯಕೋಶಕ್ಕೆ ಗಟ್ಟಿಯಾದ ಗೋಡೆಯಿರುವುದರಿಂದ ನಂಜಾಣು ತಾನಾಗಿ ಒಳನುಗ್ಗಲಾರದು. ಗಾಯವೊಂದು ಬೇಕು, ಇಲ್ಲವೆ ರಸ ಹೀರುವ ಕೀಟದ ಸೂಜಿಯಂಥ ಬಾಯಿ ಬೇಕು. ಬಿಳಿನೊಣ, ಥ್ರಿಪ್ಸ್, ಹೇನು, ಜಿಗಿಹುಳು ಮತ್ತು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕೆಲವು ಮೈಟ್ ನುಸಿಗಳು ಈ ಕೆಲಸ ಮಾಡುತ್ತವೆ. ಕೆಲವು ನಂಜಾಣುಗಳು ಬೀಜದ ಮೂಲಕವೂ, ಇನ್ನು ಕೆಲವು ಗಿಡ ಮುಟ್ಟಿದ ಕೈ ಮತ್ತು ಉಪಕರಣಗಳ ಮೂಲಕವೂ ದಾಟುತ್ತವೆ.

ಕಾಡುಗಿಡಗಳೊಡನೆ ನಂಜಾಣುಗಳ ಸಂಬಂಧ ಬೇಸಾಯಕ್ಕಿಂತ ಹಳೆಯದು. ಸಸ್ಯದ ನಂಜುರೋಗದ ಬಗ್ಗೆ ಜಗತ್ತಿನಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹವೆಂದು ವಿಜ್ಞಾನಿಗಳು ಹೇಳುವುದು ಜಪಾನಿನ ಸಾಮ್ರಾಜ್ಞಿಯೊಬ್ಬಳು 752ರಲ್ಲಿ ರಚಿಸಿದ ಕವಿತೆಯನ್ನು. ಬೇಸಿಗೆಯಲ್ಲಿಯೇ ಹಳದಿಯಾಗಿದ್ದ ಯುಪಟೋರಿಯಂ ಜಾತಿಯ ಗಿಡ ಅದರಲ್ಲಿ ಬರುತ್ತದೆ. ಆ ಹಳದಿ ಬಣ್ಣಕ್ಕೆ ಬಿಳಿನೊಣದಿಂದ ಹರಡುವ ನಂಜಾಣು ಕಾರಣವೆಂಬುದು 2003ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಧಾರವಾಡದ ಬದುಗಳಲ್ಲಿ ಅದೇ ಕುಟುಂಬದ ಅಜಿರೇಟಂ ಗಿಡದ ಎಲೆಗಳಲ್ಲಿ, ಹಾಗೆಯೇ ಕ್ರೋಟಾನ್ ಕಸದ ಎಲೆಗಳಲ್ಲಿ, ನರಗಳು ಬಂಗಾರದ ಬಲೆ ನೇಯ್ದಂತೆ ಹಳದಿಯಾಗಿರುವುದನ್ನು ಮಳೆಗಾಲದಲ್ಲಿ ಯಾರಾದರೂ ನೋಡಬಹುದು.

ಇಂಥ ಕಸವನ್ನು ಕಂಡವರು ಸಾಮಾನ್ಯವಾಗಿ ಪಕ್ಕದ ಬೆಳೆಗೆ ರೋಗ ಬಂದದ್ದು ಇದರಿಂದಲೇ ಎಂದು ತೀರ್ಮಾನಿಸುತ್ತಾರೆ. ಆ ತೀರ್ಮಾನ ಅನೇಕ ಸಲ ತಪ್ಪು. ಪ್ರತಿ ನಂಜಾಣುವಿಗೂ ಅದು ಹೊಗಬಲ್ಲ ಗಿಡಗಳ ಒಂದು ಮಿತಿಯಿದೆ. ಕ್ರೋಟಾನ್ ಕಸದ ನರವನ್ನು ಹಳದಿ ಮಾಡುವ ನಂಜಾಣು ಬೇರೆ, ಹೆಸರಿನ ಎಲೆಯನ್ನು ಹಳದಿ ಮಾಡುವ ನಂಜಾಣು ಬೇರೆ, ಇವೆರಡನ್ನೂ ಒಂದೇ ಬಿಳಿನೊಣ ಹೊತ್ತು ತಿರುಗಿದರೂ ಹೆಸರಿನ ನಂಜಾಣು ಮುಖ್ಯವಾಗಿ ದ್ವಿದಳ ಸಸ್ಯಗಳನ್ನೇ ಆಶ್ರಯಿಸುತ್ತದೆ. ಇದಕ್ಕೆ ವಿರುದ್ಧವಾದ ಸಂಗತಿ ಇನ್ನೂ ಮಹತ್ವದ್ದು: ಒಂದು ಗಿಡ ನೋಡಲು ಪೂರ್ಣ ಆರೋಗ್ಯವಾಗಿದ್ದು, ಒಂದು ಮಚ್ಚೆಯೂ ಇಲ್ಲದೆ ಹಸಿರಾಗಿ ನಳನಳಿಸುತ್ತಿದ್ದು, ಒಳಗೆ ಬೆಳೆಯನ್ನು ಸುಡಬಲ್ಲ ನಂಜಾಣುವನ್ನು ಹೊತ್ತುಕೊಂಡಿರಬಹುದು. ದೀರ್ಘಕಾಲ ಜೊತೆಯಲ್ಲಿ ಬಾಳಿದ ಗಿಡ ಮತ್ತು ನಂಜಾಣುಗಳ ನಡುವೆ ಇಂಥ ಹೊಂದಾಣಿಕೆ ಸಾಧ್ಯವಿದೆ. ಹೊಸದಾಗಿ ಸಂಪರ್ಕಕ್ಕೆ ಬಂದ ಬೆಳೆಗೆ ಮಾತ್ರ ಅದೇ ನಂಜಾಣು ಮಾರಕವಾಗುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸಿಗುವ ಅತ್ಯಂತ ಸ್ಪಷ್ಟವಾದ ಉದಾಹರಣೆ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ.

ಸೂರ್ಯಕಾಂತಿ ಮತ್ತು ಕಾಂಗ್ರೆಸ್ ಕಸ

1997ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಸೂರ್ಯಕಾಂತಿ ಬೆಳೆಗೆ ಅಲ್ಲಿಯವರೆಗೆ ಕಾಣದಿದ್ದ ರೋಗವೊಂದು ಬಂತು. ಎಲೆಯ ಒಂದು ಭಾಗ ಒಣಗಿ ಕಪ್ಪಾಗುವುದರಿಂದ ತೊಡಗಿ, ಆ ಕರಕಲು ನಡುನರದ ಮೂಲಕ ತೊಟ್ಟಿಗೆ, ತೊಟ್ಟಿನಿಂದ ಕಾಂಡದ ಒಂದು ಮಗ್ಗುಲಿಗೆ, ಅಲ್ಲಿಂದ ಮೊಗ್ಗಿನವರೆಗೆ ಏರಿತು; ಎಳೆಯ ಗಿಡಗಳು ಸತ್ತವು, ಬೆಳೆದ ಗಿಡಗಳ ಕತ್ತು ತಿರುಚಿಕೊಂಡು ತೆನೆ ಸರಿಯಾಗಿ ಅರಳದೆ ಜೊಳ್ಳಾಯಿತು. ನಂತರದ ಕೆಲವೇ ವರ್ಷಗಳಲ್ಲಿ ರೋಗ ದಕ್ಷಿಣ ಭಾರತದ ಸೂರ್ಯಕಾಂತಿ ಪ್ರದೇಶಗಳಿಗೆಲ್ಲ ಹಬ್ಬಿತು. 2000ರಲ್ಲಿ ನೆರೆಯ ಆಂಧ್ರದ ಅನಂತಪುರ ಜಿಲ್ಲೆಯಲ್ಲಿ ಇಂಥದೇ ಲಕ್ಷಣ ಶೇಂಗಾ ಬೆಳೆಯಲ್ಲಿ ಕಾಣಿಸಿಕೊಂಡು, ಸುಮಾರು 2.25 ಲಕ್ಷ ಹೆಕ್ಟೇರಿನ ಬೆಳೆಯನ್ನು ಹಾಳುಮಾಡಿತು. ಆ ಒಂದು ಹಂಗಾಮಿನ ನಷ್ಟವನ್ನೇ 300 ಕೋಟಿ ರೂಪಾಯಿಗೂ ಮೇಲೆಂದು ಅಂದಾಜು ಮಾಡಲಾಯಿತು. ಎರಡೂ ರೋಗಗಳಿಗೆ ಕಾರಣ ಟೊಬ್ಯಾಕೊ ಸ್ಟ್ರೀಕ್ ವೈರಸ್ ಎಂಬ ನಂಜಾಣುವೆಂದು ಸಂಶೋಧನೆಯಿಂದ ದೃಢಪಟ್ಟಿತು.

ಈ ನಂಜಾಣು ಹರಡುವ ರೀತಿ ವಿಶಿಷ್ಟವಾದದ್ದು. ಸೋಂಕು ತಗಲಿದ ಪಾರ್ಥೇನಿಯಂ ಗಿಡದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಹೊರಗೆ ಏನೂ ಕಾಣುವುದಿಲ್ಲ, ಆದರೆ ಅದರ ಹೂವಿನ ಪರಾಗದಲ್ಲಿ ನಂಜಾಣು ತುಂಬಿರುತ್ತದೆ. ಹೂವಿನಲ್ಲಿ ವಾಸಮಾಡುವ ಥ್ರಿಪ್ಸ್, ಅಂದರೆ ಗೆರೆಯಷ್ಟು ಸಣ್ಣದಾದ ಹೂನುಸಿಗಳು, ಮೈಗೆ ಅಂಟಿದ ಪರಾಗದೊಡನೆ ಪಕ್ಕದ ಸೂರ್ಯಕಾಂತಿ ಅಥವಾ ಶೇಂಗಾ ಎಲೆಯ ಮೇಲೆ ಇಳಿಯುತ್ತವೆ. ಗಾಳಿಗೆ ಹಾರಿದ ಪರಾಗವೂ ಅದೇ ಎಲೆಯ ಮೇಲೆ ಬೀಳುತ್ತದೆ. ಥ್ರಿಪ್ಸ್ ಎಲೆಯನ್ನು ಕೆರೆದು ರಸ ಹೀರುವಾಗ ಆಗುವ ಸೂಕ್ಷ್ಮ ಗಾಯಗಳ ಮೂಲಕ ಪರಾಗದಲ್ಲಿದ್ದ ನಂಜಾಣು ಗಿಡದೊಳಗೆ ಸೇರುತ್ತದೆ. ಹೂವಿಲ್ಲದೆ ಪರಾಗವಿಲ್ಲ, ಪರಾಗವಿಲ್ಲದೆ ಈ ರೋಗದ ಪ್ರಸಾರವಿಲ್ಲ. ಕಾಂಗ್ರೆಸ್ ಕಸವನ್ನು ಯಾವಾಗ ಕೀಳಬೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಯ ಮೇಲೆ ಬೀಳುವುದಕ್ಕೆ ಈ ರೋಗ ಪತ್ತೆಯಾಗುವ ಮೊದಲೇ ಒಂದು ಪುರಾವೆ ಸಿಕ್ಕಿತ್ತೆಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಈ ಕಸವನ್ನು ಹತೋಟಿಗೆ ತರಲು ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತಂದು ಮುಂದಿನ ವರ್ಷ ಬಿಡುಗಡೆ ಮಾಡಿದ ಜೈಗೋಗ್ರಾಮ ದುಂಬಿ ಸೂರ್ಯಕಾಂತಿಯ ಎಲೆಯನ್ನೂ ಕಚ್ಚುತ್ತಿದೆಯೆಂಬ ದೂರು ಎದ್ದಾಗ, ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಅಲ್ಲಿ ಮೇಯಲು ಪ್ರಚೋದಿಸುತ್ತದೆಂದು 1993ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬದುವಿನ ಕಸದ ಪರಾಗ ಬೆಳೆಯ ಎಲೆಯನ್ನು ಎಷ್ಟು ಸಲೀಸಾಗಿ ತಲುಪುತ್ತದೆಂದು ದುಂಬಿಯೇ ಮೊದಲು ತೋರಿಸಿಕೊಟ್ಟಿತ್ತು.

ಪಾರ್ಥೇನಿಯಂ ಬೀಜ ಏಪ್ರಿಲ್ ಮತ್ತು ಮೇ ತಿಂಗಳ ಅಡ್ಡಮಳೆಗೇ ಮೊಳೆಯುತ್ತದೆ ಮತ್ತು ಒಂದು ಒಂದೂವರೆ ತಿಂಗಳಲ್ಲಿ ಹೂವಿಗೆ ಬರುತ್ತದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಮುಂಗಾರಿಯಲ್ಲಿ ಬಿತ್ತಿದ ಸೂರ್ಯಕಾಂತಿ ಅಥವಾ ಶೇಂಗಾ ನಾಲ್ಕಾರು ಎಲೆಯ ಹಂತದಲ್ಲಿ ಇರುವಾಗ ಬದುವಿನ ಕಸ ಬಿಳಿಹೂವಿನಲ್ಲಿ ತುಂಬಿದ್ದರೆ, ರೋಗಕ್ಕೆ ಬೇಕಾದ ಎಲ್ಲವೂ ಕೂಡಿಬಂದಂತೆ. ಆದ್ದರಿಂದ ಹೊಲದ ಸುತ್ತಲಿನ, ದಾರಿಯ ಮತ್ತು ಕಾಲುವೆ ದಂಡೆಯ ಪಾರ್ಥೇನಿಯಂ ಅನ್ನು ಬಿತ್ತನೆಗೆ ಮೊದಲೇ, ಹೂ ಬಿಡುವ ಮುನ್ನ, ನೆಲ ಹಸಿಯಿರುವಾಗ ಬೇರುಸಹಿತ ಕೀಳುವುದು ಈ ರೋಗಕ್ಕೆ ತಿಳಿದಿರುವ ಮದ್ದುಗಳಲ್ಲಿ ಅತ್ಯುತ್ತಮವಾದದ್ದು. ಬೆಳೆ ಎದ್ದ ಮೇಲೆ ಹೂ ತುಂಬಿದ ಕಸವನ್ನು ಕಿತ್ತು ಬದುವಿನ ಮೇಲೆಯೇ ಒಣಗಲು ಬಿಟ್ಟರೆ ಅದರಲ್ಲಿದ್ದ ಥ್ರಿಪ್ಸ್ ಆಶ್ರಯ ಹುಡುಕಿಕೊಂಡು ನೇರವಾಗಿ ಬೆಳೆಗೆ ಇಳಿಯುತ್ತವೆ. ಅಂಥ ಸಂದರ್ಭದಲ್ಲಿ ಕಿತ್ತ ಕಸವನ್ನು ಕೂಡಲೇ ದೂರ ಸಾಗಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಈ ಗಿಡದ ಸ್ಪರ್ಶದಿಂದ ಚರ್ಮ ಕೆರೆದು ಹುಣ್ಣಾಗುವುದು, ಪರಾಗದಿಂದ ಉಬ್ಬಸ ಬರುವುದು ಇರುವುದರಿಂದ ಕೀಳುವವರು ಕೈಗವಸು ತೊಡುವುದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಅವಶ್ಯ. ಕೂಲಿಗೆ ಬಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ಈ ಕೆಲಸ ಮಾಡುವುದನ್ನು ಹೊಲದ ಒಡೆಯರು ನಿಲ್ಲಿಸಲೇಬೇಕು.

ಒಬ್ಬರ ಬದು ಸ್ವಚ್ಛವಾಗಿದ್ದು ಪಕ್ಕದವರ ಬದು ಹೂತುಂಬಿದ್ದರೆ ಪ್ರಯೋಜನ ಅರ್ಧವಷ್ಟೇ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹದೇವಪ್ಪನವರು ಪಾರ್ಥೇನಿಯಂ ನಿರ್ವಹಣೆಯನ್ನು ಇಡೀ ಊರಿನ ಕೆಲಸವನ್ನಾಗಿ ಮಾಡಬೇಕೆಂದು ಪ್ರತಿಪಾದಿಸಿದವರು. ತಗಚೆಯ ಬಳಗಕ್ಕೆ ಸೇರಿದ ಸೆನ್ನಾ ಯೂನಿಫ್ಲೋರಾದಂಥ ಗಿಡಗಳು ದಟ್ಟವಾಗಿ ಬೆಳೆದು ಪಾರ್ಥೇನಿಯಂ ಅನ್ನು ತಾವಾಗಿ ಅದುಮುತ್ತವೆಂಬುದನ್ನು ಧಾರವಾಡದ ಸುತ್ತಮುತ್ತ ಗುರುತಿಸಲಾಗಿತ್ತು. ಬದುವನ್ನು ಪೂರ್ತಿ ಬೋಳು ಮಾಡಿದರೆ ಮೊದಲು ಮರಳಿ ಬರುವುದು ಪಾರ್ಥೇನಿಯಂ ಆದ್ದರಿಂದ, ಆ ಜಾಗವನ್ನು ಹುಲ್ಲು ಆಕ್ರಮಿಸುವಂತೆ ನೋಡಿಕೊಳ್ಳುವುದು ಜಾಣತನ. ಹುಲ್ಲಿನ ಬದು ಗುಲಗಂಜಿ ಹುಳು, ಹಸಿರು ಜಾಲರೆಕ್ಕೆಯ ಹುಳು ಮೊದಲಾದ ಮಿತ್ರಕೀಟಗಳಿಗೂ ಆಶ್ರಯವಾಗುತ್ತದೆ, ದನಗಳಿಗೆ ಮೇವೂ ಆಗುತ್ತದೆ.

ಕಸ ತೆಗೆಯುವುದರ ಜೊತೆಗೆ ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ ಅಥವಾ ಸಜ್ಜೆಯನ್ನು ಒತ್ತಾಗಿ, ಸಾಧ್ಯವಿದ್ದರೆ ಮುಖ್ಯ ಬೆಳೆಗಿಂತ ಹದಿನೈದು ದಿನ ಮುಂಚೆ ಬಿತ್ತಿದರೆ, ಗಾಳಿಯೊಡನೆ ಬರುವ ಥ್ರಿಪ್ಸ್ ಮತ್ತು ಪರಾಗಗಳನ್ನು ಆ ಸಾಲು ಬಹಳಮಟ್ಟಿಗೆ ತಡೆಯುತ್ತದೆ. ಅಂತರ್ವ್ಯಾಪಿ ಕೀಟನಾಶಕದಿಂದ, ಅಂದರೆ ಗಿಡದ ರಸದಲ್ಲಿ ಸೇರಿ ಹೀರುವ ಕೀಟವನ್ನು ಕೊಲ್ಲುವ ಔಷಧದಿಂದ, ಬೀಜೋಪಚಾರ ಮಾಡಿದರೆ ಮೊದಲ ಮೂರು ನಾಲ್ಕು ವಾರ ರಕ್ಷಣೆ ದೊರೆಯುತ್ತದೆ. ಎಳೆಯ ವಯಸ್ಸಿನಲ್ಲಿ ತಗಲಿದ ಸೋಂಕೇ ಹೆಚ್ಚು ನಷ್ಟ ತರುವುದರಿಂದ ಆ ವಾರಗಳಿಗೆ ಬೆಲೆ ಹೆಚ್ಚು. ಹೂ ಅರಳಿದ ಸೂರ್ಯಕಾಂತಿಗೆ ಮಾತ್ರ ಕೀಟನಾಶಕ ಹೊಡೆಯಬಾರದು, ಏಕೆಂದರೆ ಕಾಳು ಕಟ್ಟಲು ಜೇನುನೊಣ ಬೇಕೇ ಬೇಕು. ಮುಂಗಾರಿಗಿಂತ ಹಿಂಗಾರಿಯಲ್ಲಿ ಬಿತ್ತಿದ ಸೂರ್ಯಕಾಂತಿಯಲ್ಲಿ ಈ ರೋಗ ಕಡಿಮೆಯೆಂಬುದು ಅನುಭವಸಿದ್ಧವಾದ್ದರಿಂದ, ರೋಗ ಮರುಕಳಿಸುವ ಹೊಲಗಳಲ್ಲಿ ಹಂಗಾಮು ಬದಲಿಸುವುದನ್ನು ಅಣ್ಣಿಗೇರಿ ಭಾಗದ ರೈತರು ಪರಿಗಣಿಸಬಹುದು.

ಕೀಟ ಹೊರುವ ಬಗೆ, ಸಿಂಪರಣೆಯ ಮಿತಿ

ಎಲ್ಲ ನಂಜುರೋಗಕ್ಕೂ ಕೀಟನಾಶಕ ಹೊಡೆಯುವುದೇ ಪರಿಹಾರವೆಂಬ ನಂಬಿಕೆ ರೈತರ ಹಣವನ್ನು ಬಹಳವಾಗಿ ತಿಂದಿದೆ. ಕೀಟ ನಂಜಾಣುವನ್ನು ಹೇಗೆ ಹೊರುತ್ತದೆಂಬುದರ ಮೇಲೆ ಸಿಂಪರಣೆಯ ಫಲ ನಿಂತಿದೆ. ಅಲಸಂದಿ ಮತ್ತು ಮೆಣಸಿನಗಿಡದ ಕೆಲವು ಮಚ್ಚೆರೋಗಗಳನ್ನು ತರುವ ಹೇನುಗಳು ರೋಗದ ಗಿಡಕ್ಕೆ ಬಾಯಿ ಚುಚ್ಚಿದ ಕೆಲವೇ ಸೆಕೆಂಡುಗಳಲ್ಲಿ ನಂಜಾಣುವನ್ನು ಪಡೆದು, ಮುಂದಿನ ಗಿಡಕ್ಕೆ ಚುಚ್ಚಿದ ಕೂಡಲೇ ಬಿಟ್ಟುಬಿಡುತ್ತವೆ. ಔಷಧ ತಾಗಿ ಹೇನು ಸಾಯುವ ಹೊತ್ತಿಗೆ ಅದು ಮಾಡುವ ಹಾನಿಯನ್ನು ಮಾಡಿ ಮುಗಿಸಿರುತ್ತದೆ. ಬಿಳಿನೊಣದ ರೀತಿ ಬೇರೆ: ಅದು ನಂಜಾಣುವನ್ನು ಪಡೆಯಲು ಹೆಚ್ಚು ಹೊತ್ತು ರಸ ಹೀರಬೇಕು, ನಂಜಾಣು ಅದರ ದೇಹದೊಳಗೆ ಸುತ್ತಿ ಜೊಲ್ಲಿಗೆ ಬರಲು ಕೆಲವು ಗಂಟೆ ಬೇಕು, ಆಮೇಲೆ ಮಾತ್ರ ಅದು ಬಹುದಿನಗಳ ಕಾಲ ರೋಗ ಹಂಚುತ್ತ ಹೋಗುತ್ತದೆ, ಇಲ್ಲಿ ಬೀಜೋಪಚಾರಕ್ಕೂ ಸಕಾಲದ ಸಿಂಪರಣೆಗೂ ಅರ್ಥವಿದೆ. ಶೇಂಗಾ ಮತ್ತು ಟೊಮ್ಯಾಟೊದ ಕುಡಿ ಸಾಯುವ ರೋಗವನ್ನು ತರುವ ಥ್ರಿಪ್ಸ್ ಜಾತಿಯಲ್ಲಿ ಮರಿಗಳಷ್ಟೇ ನಂಜಾಣುವನ್ನು ಪಡೆಯಬಲ್ಲವು, ರೆಕ್ಕೆ ಬಂದ ಮೇಲೆ ಹರಡಬಲ್ಲವು. ಮರಿಗಳು ಬದುವಿನ ಕಸದ ಮೇಲೆಯೇ ಬೆಳೆದು, ರೆಕ್ಕೆ ಬಲಿತ ಮೇಲೆ ಬೆಳೆಗೆ ಹಾರಿ ಬರುವುದರಿಂದ, ಶೇಂಗಾ ಹೊಲದೊಳಗೆ ಮೂಡುವ ಹೆಚ್ಚಿನ ರೋಗದ ಗಿಡಗಳಿಗೆ ಸೋಂಕು ಹೊರಗಿನಿಂದಲೇ ಬಂದಿರುತ್ತದೆ.

ರೋಗದ ಗಿಡ ಕೀಳಬೇಕೇ ಬೇಡವೇ ಎಂಬ ಪ್ರಶ್ನೆಗೂ ಇದೇ ತಿಳಿವಳಿಕೆ ಉತ್ತರ ಕೊಡುತ್ತದೆ. ಶೇಂಗಾದ ಕರಕಲು ರೋಗ ಮತ್ತು ಕುಡಿ ಸಾಯುವ ರೋಗ ಎರಡರಲ್ಲೂ ಗಿಡದಿಂದ ಗಿಡಕ್ಕೆ ಹರಡುವುದು ಕಡಿಮೆಯಾದ್ದರಿಂದ, ಕಿತ್ತು ಹೊಲವನ್ನು ವಿರಳಗೊಳಿಸುವುದಕ್ಕಿಂತ ಒತ್ತಾಗಿ ಬಿತ್ತಿ ನೆಲ ಬೇಗ ಮುಚ್ಚುವಂತೆ ಮಾಡುವುದು ಹೆಚ್ಚು ಫಲಕಾರಿ. ಹೆಸರಿನ ಹಳದಿ ರೋಗದಲ್ಲಿ ಹಾಗಲ್ಲ: ಬಿಳಿನೊಣ ಹೊಲದೊಳಗೇ ಮರಿಮಾಡಿ ಮೊದಲ ಕೆಲವು ಹಳದಿ ಗಿಡಗಳಿಂದ ಇಡೀ ಹೊಲಕ್ಕೆ ರೋಗ ಹಬ್ಬಿಸುತ್ತದೆ, ಆದ್ದರಿಂದ ಬಿತ್ತಿದ ಎರಡು ಮೂರು ವಾರಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಹಳದಿ ಗಿಡವನ್ನು ಕಿತ್ತು ಹೂಳುವುದು ಅತ್ಯವಶ್ಯ. ರೋಗ ಅರ್ಧ ಹೊಲಕ್ಕೆ ಹರಡಿದ ಮೇಲೆ ಕೀಳುವುದರಿಂದ ಲಾಭವಿಲ್ಲ.

ಹೆಸರು ಈ ಭಾಗದ ಮುಂಗಾರಿಯ ಮೊದಲ ಬೆಳೆ. ರೋಹಿಣಿ ಮಿರಗದ ಮಳೆಗೆ ಬಿತ್ತಿ, ಶ್ರಾವಣದಲ್ಲಿ ರಾಶಿ ಮಾಡಿ, ಅದೇ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳ ಹಾಕುವ ಪದ್ಧತಿ ಇಲ್ಲಿಯದು. ಬೇಸಿಗೆಯಲ್ಲಿ ಬೆಳೆಯೇ ಇಲ್ಲದ ಹೊಲದಿಂದ ಮರುವರ್ಷದ ಹೆಸರಿಗೆ ಹಳದಿ ರೋಗ ಬರುವುದು ಹೇಗೆಂದರೆ, ನೀರಾವರಿಯಿರುವ ಕಡೆ ಬೇಸಿಗೆಯಲ್ಲಿ ಬೆಳೆದ ಹೆಸರು, ಉದ್ದು, ತರಕಾರಿ ಬೀನ್ಸ್‌ಗಳಲ್ಲಿ, ಉದುರಿದ ಕಾಳಿನಿಂದ ತಾವಾಗಿ ಎದ್ದ ಗಿಡಗಳಲ್ಲಿ, ಬದುವಿನ ಕಾಡು ದ್ವಿದಳ ಬಳ್ಳಿಗಳಲ್ಲಿ ನಂಜಾಣುವೂ ಬಿಳಿನೊಣವೂ ಬೇಸಿಗೆಯನ್ನು ಕಳೆಯುತ್ತವೆ. ರಾಶಿಯ ನಂತರ ಹೊಲದಲ್ಲಿ ಎದ್ದ ಉದುರು ಹೆಸರನ್ನು ಹರಗಿ ತೆಗೆಯುವುದು ಸಣ್ಣ ಕೆಲಸವಾದರೂ ಈ ಕೊಂಡಿಯನ್ನು ಕಡಿಯುವ ಕೆಲಸ. ಐಪಿಎಂ 2-14ರಂಥ ರೋಗನಿರೋಧಕ ತಳಿಗಳು ಲಭ್ಯವಿರುವಾಗ ಮನೆಯಲ್ಲಿದ್ದ ಹಳೆಯ ಕಾಳನ್ನೇ ಬಿತ್ತುವುದು ಈಗ ಸಮರ್ಥನೀಯವಲ್ಲ. ಎಕರೆಗೆ ಕೆಲವು ಹಳದಿ ಅಂಟುಪಟ್ಟಿಗಳನ್ನು ಬೆಳೆಯ ಎತ್ತರಕ್ಕೆ ಕಟ್ಟಿದರೆ ಬಿಳಿನೊಣದ ಆಗಮನ ಗೊತ್ತಾಗುತ್ತದೆ. ಅದನ್ನು ನೋಡಿ ಬೇವಿನ ಕಷಾಯದಿಂದ ತೊಡಗುವುದು ಲೇಸು. ಪೈರೆಥ್ರಾಯ್ಡ್ ಗುಂಪಿನ ಔಷಧಗಳನ್ನು ಮೇಲಿಂದ ಮೇಲೆ ಹೊಡೆದರೆ ಮಿತ್ರಕೀಟಗಳು ಸತ್ತು ಬಿಳಿನೊಣ ಮೊದಲಿಗಿಂತ ಹೆಚ್ಚುತ್ತದೆ.

ನಂಜು ಯಾವುದು, ನಂಜಲ್ಲದ್ದು ಯಾವುದು

ಹಳದಿಯಾದದ್ದೆಲ್ಲ ನಂಜುರೋಗವಲ್ಲ, ಮುಟುರಿದ್ದೆಲ್ಲವೂ ಅಲ್ಲ. ಇಲ್ಲಿ ತಪ್ಪಿದರೆ ಮುಂದಿನ ಖರ್ಚೆಲ್ಲ ವ್ಯರ್ಥವಾಗುವುದರಿಂದ ಈ ಭಾಗವನ್ನು ರೈತರು ವಿಶೇಷ ಗಮನವಿಟ್ಟು ತಿಳಿಯಬೇಕು.

ನವಲಗುಂದದ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿರುವ ಕಡೆ, ಮಳೆನೀರು ನಿಂತ ದಿನಗಳಲ್ಲಿ, ಶೇಂಗಾ ಮತ್ತು ಹೆಸರಿನ ಬೇರುಗಳಿಗೆ ಕಬ್ಬಿಣದ ಅಂಶ ದೊರೆಯದೆ ಎಲೆ ಬಿಳಚಿಕೊಳ್ಳುತ್ತದೆ. ಈ ಕೊರತೆಯಲ್ಲಿ ಹೊಸ ಎಲೆಗಳು ಮೊದಲು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ, ಎಲೆಯ ಎರಡೂ ಅರ್ಧ ಒಂದೇ ತೆರನಾಗಿರುತ್ತವೆ, ಹೊಲದ ಒಂದು ಪಟ್ಟಿಯೇ ಒಟ್ಟಾಗಿ ಹಳದಿಯಾಗುತ್ತದೆ. ನಂಜುರೋಗದಲ್ಲಿ ಹಳದಿ ಮತ್ತು ಹಸಿರು ಕ್ರಮವಿಲ್ಲದೆ ಮಚ್ಚೆಗಳಾಗಿ ಬೆರೆತಿರುತ್ತವೆ, ಆರೋಗ್ಯವಾದ ಗಿಡದ ಪಕ್ಕದಲ್ಲೇ ರೋಗದ ಗಿಡ ನಿಂತಿರುತ್ತದೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ ಒಂದು ಸಾಲಿಗೆ ಸಿಂಪಡಿಸಿ ನೋಡಿದರೆ, ಕೊರತೆಯಾಗಿದ್ದಲ್ಲಿ ವಾರ ಹತ್ತು ದಿನಗಳಲ್ಲಿ ಆ ಸಾಲು ಹಸಿರಾಗುತ್ತದೆ. ನಂಜುರೋಗವಾಗಿದ್ದರೆ ಏನೂ ಬದಲಾಗುವುದಿಲ್ಲ.

ಕುಂದಗೋಳ ಭಾಗದ ಮೆಣಸಿನಕಾಯಿಯಲ್ಲಿ ಗುರುತಿಸುವುದು ಇನ್ನೂ ಕಷ್ಟ. ಇಲ್ಲಿ ಮಳೆಯಾಶ್ರಯದ ಬ್ಯಾಡಗಿ ಮೆಣಸಿನಕಾಯಿಯನ್ನು ಉಳ್ಳಾಗಡ್ಡಿ ಮತ್ತು ಹತ್ತಿಯೊಡನೆ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿಯಿದೆ; ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕಾಪಾಡುವ ಈ ಪದ್ಧತಿ ಒಣಬೇಸಾಯದ ವಿವೇಕದಿಂದ ಹುಟ್ಟಿದ್ದು, ಆದರೆ ಉಳ್ಳಾಗಡ್ಡಿಯ ಥ್ರಿಪ್ಸ್ ಮತ್ತು ಹತ್ತಿಯ ಬಿಳಿನೊಣ ಎರಡೂ ಮೆಣಸಿನಗಿಡದ ನೆರೆಯಲ್ಲೇ ವಾಸಿಸುತ್ತವೆಂಬುದನ್ನೂ ಗಮನದಲ್ಲಿಡಬೇಕು. ರೈತರು ಮುಟುರು ರೋಗ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಬೇರೆ ಕಾರಣಗಳಿವೆ. ಥ್ರಿಪ್ಸ್ ಹೀರಿದಾಗ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುರುತ್ತದೆ. ಹಳದಿ ಮೈಟ್ ನುಸಿ ಹೀರಿದಾಗ ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗುತ್ತದೆ. ಬಿಳಿನೊಣ ತರುವ ಎಲೆಸುರುಳಿ ನಂಜಾಣುವಿನಿಂದಲೂ ಎಲೆ ಮೇಲಕ್ಕೇ ಸುರುಳುತ್ತದೆ, ಆದರೆ ಜೊತೆಗೆ ನರಗಳು ದಪ್ಪಗಾಗುತ್ತವೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಸಣ್ಣ ಎಲೆಗಳು ಗೊಂಚಲಾಗುತ್ತವೆ, ಗಿಡ ಗಿಡ್ಡಾಗಿ ಹೂ ಉದುರುತ್ತದೆ. ಬಿಳಿ ಕಾಗದದ ಮೇಲೆ ಕುಡಿಯನ್ನು ತಟ್ಟಿದರೆ ಥ್ರಿಪ್ಸ್ ಬಿದ್ದು ಓಡಾಡುವುದು ಕಾಣುತ್ತದೆ. ಮೈಟ್ ನುಸಿ ನೋಡಲು ಭೂತಗನ್ನಡಿ ಬೇಕು. ಕೀಟದ ಹತೋಟಿಯಾದ ಮೇಲೆ ಹೊರಟ ಹೊಸ ಎಲೆ ಸರಿಯಾಗಿದ್ದರೆ ಅದು ನಂಜುರೋಗವಾಗಿರಲಿಲ್ಲ ಎಂದರ್ಥ. ಮೈಟ್ ನುಸಿ ಕೀಟವಲ್ಲ, ಜೇಡನ ಬಳಗದ ಜೀವಿ, ಆದ್ದರಿಂದ ಥ್ರಿಪ್ಸ್‌ಗೆ ಹೊಡೆಯುವ ಬಹುತೇಕ ಔಷಧಗಳಿಂದ ಅದು ಸಾಯುವುದಿಲ್ಲ. ಅದಕ್ಕೆ ನುಸಿನಾಶಕವನ್ನೇ ಬಳಸಬೇಕು. 2021ರ ಮುಂಗಾರಿನ ನಂತರ ಕರ್ನಾಟಕ, ಆಂಧ್ರ, ತೆಲಂಗಾಣಗಳ ಮೆಣಸಿನಕಾಯಿಗೆ ಮುತ್ತಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಗುಂಪಾಗಿ ಸೇರಿ ಹೂ ಉದುರಿಸುವ ಹೊಸ ಜಾತಿ. ಅದರ ಹಾನಿಯನ್ನು ನಂಜುರೋಗವೆಂದು ತಿಳಿದು ಮೋಸಹೋಗಬಾರದು. ಮೆಣಸಿನ ಸಸಿಮಡಿಯನ್ನು ನುಣ್ಣನೆಯ ನೈಲಾನ್ ಪರದೆಯಡಿ ಬೆಳೆಸಿ, ಆರೋಗ್ಯವಾದ ಸಸಿಯನ್ನೇ ನಾಟಿ ಮಾಡುವುದು ಮುಂದೆ ಹೊಡೆಯುವ ಹಲವು ಸಿಂಪರಣೆಗಳಿಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ.

ಗೋವಿನಜೋಳ ಅಥವಾ ಕಬ್ಬಿಗೆ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ತೇಲಿ ಬಂದರೆ ಪಕ್ಕದ ಹತ್ತಿ, ಟೊಮ್ಯಾಟೊ, ಮೆಣಸಿನ ಎಲೆಗಳು ದಾರದಂತೆ ಕಿರಿದಾಗಿ, ನರಗಳು ಒತ್ತೊತ್ತಾಗಿ ನಂಜುರೋಗದಂತೆಯೇ ಕಾಣುತ್ತವೆ. ಹಾನಿ ಒಂದು ದಿಕ್ಕಿನ ಅಂಚಿನಿಂದ ತೊಡಗಿ ಒಳಗೆ ಹೋದಂತೆ ಕಡಿಮೆಯಾಗುತ್ತಿದ್ದರೆ, ಪಕ್ಕದ ಹೊಲದಲ್ಲಿ ಇತ್ತೀಚೆಗೆ ಏನು ಸಿಂಪಡಿಸಲಾಗಿದೆಯೆಂದು ವಿಚಾರಿಸುವುದು ಮೊದಲ ಕೆಲಸ. ಕಳೆನಾಶಕ ಹೊಡೆದ ಪಂಪನ್ನೇ ಬೇರೆ ಬೆಳೆಗೆ ಬಳಸುವುದರಿಂದಲೂ ಇದು ಆಗುತ್ತದೆ.

ಅಣ್ಣಿಗೇರಿಯ ಹೆಸರಿನಲ್ಲೇ ಪ್ರಸಿದ್ಧವಾದ ತಳಿಯುಳ್ಳ ಕಡಲೆಯಲ್ಲಿ ಸಿಡಿರೋಗವನ್ನೂ ಗಿಡ್ಡುರೋಗವನ್ನೂ ಬೇರ್ಪಡಿಸಿ ನೋಡಬೇಕು. ಸಿಡಿರೋಗ ಮಣ್ಣಿನ ಶಿಲೀಂಧ್ರದಿಂದ ಬರುವುದು. ಬೇರನ್ನು ಉದ್ದಕ್ಕೆ ಸೀಳಿದರೆ ನಡುವಿನ ನೀರು ಸಾಗಿಸುವ ನಾಳ ಕಂದುಗಪ್ಪಾಗಿರುತ್ತದೆ. ಗಿಡ್ಡುರೋಗ ಜಿಗಿಹುಳು ಅಥವಾ ಹೇನು ತರುವ ನಂಜಾಣುಗಳಿಂದ ಬರುವುದು. ಗಿಡ ಕುಳ್ಳಾಗಿ, ಎಲೆ ಕೆಂಪಾಗಿ ಅಥವಾ ಹಳದಿಯಾಗಿ ಗಡುಸಾಗುತ್ತದೆ, ಬುಡದ ಸಿಪ್ಪೆಯನ್ನು ತೆಳುವಾಗಿ ಹೆರೆದರೆ ಸಿಪ್ಪೆಗೆ ಅಂಟಿದ ಪದರ ಕಂದಾಗಿರುತ್ತದೆ, ಒಳಗಿನ ನಾಳ ಸ್ವಚ್ಛವಾಗಿರುತ್ತದೆ. ಸಿಡಿರೋಗಕ್ಕೆ ನಿರೋಧಕ ತಳಿ ಮತ್ತು ಟ್ರೈಕೋಡರ್ಮಾ ಬೀಜೋಪಚಾರ ನೆರವಾಗುತ್ತವೆ. ಗಿಡ್ಡುರೋಗಕ್ಕೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ, ಸಾಲಿನಲ್ಲಿ ಖಾಲಿ ಜಾಗ ಬಿಡದೆ ಒತ್ತಾಗಿ ಬಿತ್ತುವುದೇ ಉಪಾಯ.

ಕಾಡು ಸಂಬಂಧಿಗಳು

ತೊಗರಿಯ ಗೊಡ್ಡು ರೋಗವನ್ನು ಬಿಹಾರದ ಪೂಸಾದಲ್ಲಿ 1931ರಲ್ಲಿಯೇ ವರ್ಣಿಸಲಾಗಿದ್ದರೂ ಅದರ ನಂಜಾಣುವನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಗುರುತಿಸಲು ಸುಮಾರು ಏಳು ದಶಕ ಬೇಕಾಯಿತು. ಕಣ್ಣಿಗೆ ಕಾಣದ ಮೈಟ್ ನುಸಿಯೊಂದು ಗಾಳಿಯಲ್ಲಿ ತೇಲಿ ಇದನ್ನು ತರುತ್ತದೆ. ಆ ನುಸಿ ಬೇಸಿಗೆ ಕಳೆಯುವುದು ಬದುವಿನಲ್ಲಿ ಅಥವಾ ಹಿತ್ತಲಲ್ಲಿ ಬಿಟ್ಟ ಬಹುವರ್ಷದ ತೊಗರಿ ಗಿಡಗಳ ಮೇಲೆ, ಕೊಯ್ದ ಬುಡದಿಂದ ಮತ್ತೆ ಚಿಗುರಿದ ಕೂಳೆಯ ಮೇಲೆ, ಅಪರೂಪವಾಗಿ ಕಾಡುತೊಗರಿಯ ಮೇಲೆ. ಹೊಸ ತೊಗರಿ ಬಿತ್ತುವ ಮುನ್ನ ಹಳೆಯ ಗಿಡ ಮತ್ತು ಕೂಳೆಯನ್ನು ಕಿತ್ತುಹಾಕದೆ ಈ ರೋಗದಿಂದ ಬಿಡುಗಡೆಯಿಲ್ಲ.

ಕಾಡುಗಿಡಗಳು ನಂಜಿನ ಆಶ್ರಯ ಮಾತ್ರವಾಗಿದ್ದರೆ ಅವುಗಳನ್ನು ಕಿತ್ತೊಗೆಯುವುದೇ ಸರಿಯೆನ್ನಬಹುದಿತ್ತು. ನಿರೋಧಕ ಶಕ್ತಿಯ ಉಗ್ರಾಣವೂ ಅವುಗಳಲ್ಲಿಯೇ ಇದೆ. ಬೆಂಡೆಯ ಹಳದಿ ನರದ ರೋಗವನ್ನು 1924ರಲ್ಲಿ ಜಿ. ಎಸ್. ಕುಲಕರ್ಣಿಯವರು ಮೊದಲು ವರದಿ ಮಾಡಿದ್ದು ಧಾರವಾಡವೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಿಂದ. ದಶಕಗಳ ನಂತರ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಅನಾಮಿಕ ತಳಿಗೆ ಆ ರೋಗವನ್ನು ತಡೆಯುವ ಗುಣ ಬಂದದ್ದು ಕಾಡುಬೆಂಡೆಯ ಒಂದು ಪ್ರಭೇದದಿಂದ. ಟೊಮ್ಯಾಟೊದ ಎಲೆಮುದುಡು ರೋಗ ತಡೆಯುವ ತಳಿಗಳಿಗೂ ಕಾಡುಟೊಮ್ಯಾಟೊಗಳೇ ಮೂಲ. ಆದರೆ ನಂಜಾಣುಗಳು ಬೇಗ ಬೇಗ ರೂಪ ಬದಲಿಸುವುದರಿಂದ ಇಂಥ ನಿರೋಧಕತೆ ಶಾಶ್ವತವಲ್ಲ; ಅರ್ಕಾ ಅನಾಮಿಕದಲ್ಲಿಯೂ ಕಾಲಾನಂತರ ಹಳದಿ ನರ ಕಾಣಿಸಿಕೊಂಡಿತು. ಕಲಘಟಗಿಯ ಕಾಡಂಚಿನಲ್ಲಿ ಬೆಳೆಯುವ ಕಾಡು ದ್ವಿದಳಗಳನ್ನೂ ಕಾಡುಬೆಂಡೆಯನ್ನೂ ವಿಚಾರವಿಲ್ಲದೆ ಸವರಿಹಾಕುವುದು ಮುಂದಿನ ತಳಿಗಳ ಬಿತ್ತಬೀಜವನ್ನೇ ಸುಟ್ಟಂತೆ. ಬಿತ್ತನೆಯ ಹೊಲದ ಅಂಚಿನ ಪಾರ್ಥೇನಿಯಂ, ಉದುರು ಗಿಡ ಮತ್ತು ಕೂಳೆಗಳು ಬೇರೆ, ಕಾಡಿನ ಗಿಡಗಳು ಬೇರೆ.

ಸಂದೇಹ ಉಳಿದಾಗ ಅಂಗಡಿಯವರ ಮಾತಿನ ಮೇಲೆ ಔಷಧ ಕೊಳ್ಳುವುದಕ್ಕಿಂತ ಮಾದರಿಯನ್ನು ಪರೀಕ್ಷೆಗೆ ಒಯ್ಯುವುದು ಉತ್ತಮ. ನಂಜುರೋಗ ವಾಸಿಮಾಡುತ್ತದೆಂದು ಮಾರುವ ಯಾವ ಟಾನಿಕ್ಕಿನಿಂದಲೂ, ಬ್ಯಾಕ್ಟೀರಿಯಾಕ್ಕೆಂದು ಇರುವ ಆಂಟಿಬಯೋಟಿಕ್ಕಿನಿಂದಲೂ ಆ ಕೆಲಸ ಆಗುವುದಿಲ್ಲ. ಲಕ್ಷಣ ಈಗಷ್ಟೇ ಮೂಡಿರುವ ಎಳೆಯ ಎಲೆಗಳನ್ನು, ಹೋಲಿಕೆಗೆ ಅದೇ ಹೊಲದ ಆರೋಗ್ಯವಾದ ಎಲೆಗಳನ್ನು, ಸಾಧ್ಯವಾದರೆ ಬೇರುಸಹಿತ ಇಡೀ ಗಿಡವನ್ನು ಬೆಳಗಿನ ತಂಪಿನಲ್ಲಿ ಆರಿಸಿ, ನೀರು ಚಿಮುಕಿಸದೆ ಕಾಗದದಲ್ಲಿ ಸುತ್ತಿ, ಬೇರೆ ಬೇರೆ ಚೀಲಗಳಲ್ಲಿಟ್ಟು, ಬಿಸಿಲು ತಾಗದಂತೆ ಅದೇ ದಿನ ತಲುಪಿಸಬೇಕು. ಸತ್ತು ಒಣಗಿದ ಎಲೆಯಿಂದ ಏನೂ ತಿಳಿಯುವುದಿಲ್ಲ. ಬೆಳೆಯ ತಳಿ, ಬಿತ್ತಿದ ದಿನ, ಅಕ್ಕಪಕ್ಕದ ಬೆಳೆ, ಬದುವಿನ ಕಸ, ಹಿಂದಿನ ಹದಿನೈದು ದಿನಗಳಲ್ಲಿ ಹೊಡೆದ ಔಷಧಗಳ ವಿವರವನ್ನು ಚೀಟಿಯಲ್ಲಿ ಬರೆದು ಜೊತೆಗಿಟ್ಟರೆ ಪರೀಕ್ಷಿಸುವವರಿಗೆ ಅರ್ಧ ಉತ್ತರ ಸಿಕ್ಕಂತೆ. ಹೋಬಳಿಯ ರೈತ ಸಂಪರ್ಕ ಕೇಂದ್ರ, ಧಾರವಾಡದ ಕೃಷಿ ವಿಜ್ಞಾನ ಕೇಂದ್ರ, ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗ ಇವುಗಳ ಮೂಲಕ ಸಲಹೆ ಪಡೆಯಬಹುದು. ಎಲಿಸಾ ಎಂಬ ಪರೀಕ್ಷೆ ನಂಜಾಣುವಿನ ಪ್ರೋಟೀನನ್ನೂ, ಪಿಸಿಆರ್ ಎಂಬುದು ಅದರ ಅನುವಂಶಿಕ ವಸ್ತುವನ್ನೂ ಗುರುತಿಸುತ್ತದೆ. ಹೆಸರಿಗೆ ಮಾದರಿ ಒಯ್ಯಲು ತಕ್ಕ ಸಮಯ ಬಿತ್ತಿದ ಮೂರನೆಯ ವಾರ, ಸೂರ್ಯಕಾಂತಿಗೆ ಮೊಗ್ಗು ಮೂಡುವ ಮುನ್ನ, ಮೆಣಸಿನಕಾಯಿಗೆ ನಾಟಿಯ ನಂತರದ ಮೊದಲ ಹೊಸ ಚಿಗುರು ಬಂದಾಗ.